ಎರಡನೆಯ ಸ್ಟಡ್ಡು

ಮುರಿದ ಸ್ಟಡ್ಡು ತೆಗೆಯಲು ಕೂರುವಾಗ ನಮ್ಮಣ್ಣ ಚಪ್ಪಲಿ ಬಿಡುತ್ತಿದ್ದ. ಯಾಕೆ ಎಂದು ಕೇಳಿದವರಿಗೆ, "ಕಾಲು ನೆಲದ್ ಮ್ಯಾಲಿದ್ರೆ ಕೈ ಅವಸರ ಮಾಡಕಿಲ್ಲ" ಎನ್ನುತ್ತಿದ್ದ. ಕೆಲವರು ನಗುತ್ತಿದ್ದರು. ಗಿರಾಕಿಯೊಬ್ಬರು ಅವನ ಕೈಯಲ್ಲಿದ್ದ ಮೇಣದಬತ್ತಿ ನೋಡಿ, "ಏನಪ್ಪಾ, ಚರ್ಚಿಗೆ ಹೊಂಟಿದ್ದೀಯಾ?" ಅಂದಿದ್ದರು. ಅಣ್ಣ ಕಾದು ಕೆಂಪಾದ ಕಬ್ಬಿಣಕ್ಕೆ ಮೇಣದಬತ್ತಿ ಒತ್ತಿ ಹಿಡಿದು, "ಇದ್ಕೂ ಪಾಪ ಒಪ್ಕೊಳ್ಳಕೆ ಟೈಮ್ ಬೇಕಲ್ವಾ ಸಾರ್" ಅಂದಿದ್ದ.

ಮೆಕ್ಯಾನಿಕ್ ಕೆಲಸ ಗೊತ್ತಿಲ್ಲದವರಿಗೆ ಸ್ಟಡ್ಡು ಅಂದರೆ ಏನೆಂದು ಹೇಳಬೇಕು. ಎಂಜಿನ್ನಿನ ಹೊಗೆ ಹೊರಗೆ ಹೋಗುವ ಜಾಗದಲ್ಲಿ ಬೆರಳು ಚಾಚಿದ ಹಾಗೆ ಎರಕದ ಕೊಳವೆಗಳಿರುತ್ತವೆ. ಅದಕ್ಕೆ ಮನಿಫೋಲ್ಡು ಅನ್ನುತ್ತೇವೆ. ಅದನ್ನು ಎಂಜಿನ್ನಿಗೆ ಬಿಗಿಯಾಗಿ ಹಿಡಿದಿರುವುದು ಕಿರುಬೆರಳ ಗಾತ್ರದ ಕೆಲವು ತಿರುಪಿನ ಕಡ್ಡಿಗಳು. ಅವೇ ಸ್ಟಡ್ಡುಗಳು. ದಿನಾ ಕಾದು ದಿನಾ ಆರಿ, ತುಕ್ಕು ಹಿಡಿದು, ಯಾವತ್ತೋ ಒಂದು ದಿನ ಮುರಿಯುತ್ತವೆ. ಮೇಲಿನ ತುಂಡು ಕೈಗೆ ಬರುತ್ತದೆ, ಬುಡ ಎಂಜಿನ್ನಿನೊಳಗೆ ಉಳಿಯುತ್ತದೆ, ಹಲ್ಲು ಮುರಿದು ಬೇರು ಉಳಿದ ಹಾಗೆ. ಆ ಬೇರು ಕೀಳುವುದರಲ್ಲಿ ಮದ್ದೂರಿನಿಂದ ಮಳವಳ್ಳಿವರೆಗೆ ನಮ್ಮಣ್ಣನಂಥ ಕೈ ಇನ್ನೊಂದಿರಲಿಲ್ಲ.

ಅಣ್ಣ ಹೋದ ಮಾಘದಲ್ಲಿ ತೀರಿಕೊಂಡ. ಒಬ್ಬ ಹೆಣ್ಣುಮಗಳ ಸಾವಿಗೆ ಕಾರಣನಾದ ಮೆಕ್ಯಾನಿಕ್ಕು ಎಂಬ ಅಪವಾದ ಹೊತ್ತು ಒಂಬತ್ತು ವರ್ಷ ಬದುಕಿದ, ಅದನ್ನು ಹೊತ್ತೇ ಹೋದ. ಆ ಕೆಲಸ ಅವನು ಮಾಡಿದ್ದಲ್ಲ, ನಾನು ಮಾಡಿದ್ದು. ಇದನ್ನು ಹೇಳಲೇಬೇಕಾದ ಒಬ್ಬರಿಗೆ ಈಗಾಗಲೇ ಹೇಳಿದ್ದೇನೆ. ಮಿಕ್ಕವರಿಗೆ ಬರೆದು ಹೇಳುತ್ತಿದ್ದೇನೆ. ನಾನು ಓದಿರುವುದು ಏಳನೇ ಕ್ಲಾಸು. ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ.

ನಮ್ಮ ಗ್ಯಾರೇಜು ಭಾರತೀನಗರದಲ್ಲಿ, ಮಳವಳ್ಳಿ ರಸ್ತೆಗೆ ಮುಖ ಮಾಡಿತ್ತು. ಹಿಂದೆ ನಾಲೆ, ಮುಂದೆ ಕಬ್ಬಿನ ಗಾಡಿಗಳ ಸಾಲು. ಅಣ್ಣ ಮಂಡ್ಯದ ಒಂದು ಶೆಡ್ಡಿನಲ್ಲಿ ಹನ್ನೆರಡು ವರ್ಷ ಕೆಲಸ ಕಲಿತು ಬಂದು ಅದನ್ನು ಹಾಕಿದ. ಅಪ್ಪ ಬೇಗ ಹೋದದ್ದರಿಂದ ನನಗೆ ಅಪ್ಪನೂ ಅವನೇ. ಆದರೆ ಅಪ್ಪನ ಹಾಗೆ ಹೊಡೆದವನಲ್ಲ. ತಪ್ಪು ಮಾಡಿದರೆ ನನ್ನ ಕೈಯಲ್ಲಿದ್ದ ಸ್ಪ್ಯಾನರು ಮೆಲ್ಲಗೆ ತೆಗೆದುಕೊಂಡು, ಆ ಕೆಲಸ ತಾನೇ ಮುಗಿಸಿ, ಸಂಜೆವರೆಗೆ ನನ್ನ ಕಡೆ ನೋಡುತ್ತಿರಲಿಲ್ಲ. ಎರಡು ಏಟು ಕೊಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸುತ್ತಿತ್ತು.

ಸ್ಟಡ್ಡಿನ ಕೆಲಸಕ್ಕೆ ಅವನದೇ ಒಂದು ಕ್ರಮವಿತ್ತು. ಹಿಂದಿನ ದಿನವೇ ಎಣ್ಣೆ ಬಿಡುವುದು. ಮಾರನೆಯ ದಿನ ಇನ್ನೊಮ್ಮೆ ಬಿಟ್ಟು, "ಅದು ಎಣ್ಣೆ ಕುಡೀಲಿ ಬುಡು, ನಾವು ವಸಿ ಟೀ ಕುಡಿಯಾನ" ಎಂದು ಎದ್ದು ಹೋಗುವುದು. ಬಂದು ಕಾಯಿಸುವುದು, ತಿರುಪು ಸಡಿಲವಾಗಲೆಂದು ಸಂದಿಗೆ ಮೇಣ ಇಳಿಸುವುದು, ಮುರಿದ ತುದಿಗೆ ಒಂದು ನಟ್ಟು ಬೆಸೆದು ಕಾಲು ಸುತ್ತು ಈ ಕಡೆ, ಅರೆಕಾಲು ಸುತ್ತು ಆ ಕಡೆ ತಿರುಗಿಸುತ್ತಾ ಹೊರಗೆ ತರುವುದು. ತಿರುಗಿಸುವಾಗ ಕಣ್ಣು ಮುಚ್ಚುತ್ತಿದ್ದ. ನನಗೆ ಹೇಳುತ್ತಿದ್ದದ್ದು ಒಂದೇ ಮಾತು: "ಬಿಗಿಯಾಗಿದ್ರೆ ಎದರ್ಬ್ಯಾಡ ಕಣ್ಲಾ. ಮೆತ್ತಗಾದ್ರೆ ಎದರ್ಕೊ." ಮುರಿಯುವುದಕ್ಕೆ ಸ್ವಲ್ಪ ಮೊದಲು ಕಬ್ಬಿಣ ರಬ್ಬರಿನ ಹಾಗೆ ಬಳುಕುತ್ತದೆ. ಬರುತ್ತಿದೆ ಅಂತ ನಾವು ಖುಷಿಪಡುತ್ತೇವೆ, ಅಷ್ಟರಲ್ಲಿ ಲಟ್ ಅನ್ನುತ್ತದೆ. ನನ್ನ ಕೈಯಲ್ಲಿ ಎಷ್ಟೋ ಸಲ ಹಾಗಾಗಿತ್ತು. "ನಿಂಗೆ ಕೈ ಅದೆ, ಕಿವಿ ಇಲ್ಲ," ಅನ್ನುತ್ತಿದ್ದ. ಅವನ ಲೆಕ್ಕದಲ್ಲಿ ಕಬ್ಬಿಣದ ಮಾತು ಕೈಗೆ ಕೇಳಬೇಕು.

ಇನ್ನೊಂದು ಪದ್ಧತಿಯಿತ್ತು. ಗಾಡಿಯಿಂದ ತೆಗೆದ ಹಳೆಯ ಸಾಮಾನನ್ನೆಲ್ಲ ಪೇಪರಿನಲ್ಲಿ ಪೊಟ್ಟಣ ಕಟ್ಟಿ ಗಿರಾಕಿಯ ಕೈಗೆ ಕೊಡುತ್ತಿದ್ದ. ಸವೆದ ವಾಷರು, ಹರಿದ ಗ್ಯಾಸ್ಕೆಟ್ಟು, ಮುರಿದ ಸ್ಟಡ್ಡಿನ ಬುಡ, ಎಲ್ಲ. ಕಾಲೇಜಿನ ಮೇಷ್ಟರೊಬ್ಬರು, "ಈ ಕಸ ನಂಗ್ಯಾಕಪ್ಪ?" ಅಂದಾಗ, "ಒಂದ್ ದಿವ್ಸ ಮನೇಲಿಟ್ಕಳಿ ಸಾರ್, ಆಮೇಲೆ ಗುಜ್ರಿಗಾಕಿ. ಕಿತ್ತಿವ್ನಿ ಅಂತ ನಾನ್ ಬಾಯಲ್ಲೇಳದು ಬ್ಯಾರೆ, ನೀವ್ ಕಣ್ಣಲ್ ನೋಡದು ಬ್ಯಾರೆ" ಅಂದ. ಭಾರತೀನಗರದ ಸುತ್ತಮುತ್ತ ಅವನ ಪೊಟ್ಟಣ ಅಂದರೆ ರಸೀದಿಗಿಂತ ಹೆಚ್ಚು. ಜನ ಅದನ್ನು ಬಿಚ್ಚಿ ನೋಡುವುದನ್ನೂ ಬಿಟ್ಟಿದ್ದರು, ಅಷ್ಟು ನಂಬಿಕೆ.

ಪೂರಿಗಾಲಿ ಕಡೆಯ ಮಾದಣ್ಣ ತನ್ನ ಬಾಡಿಗೆ ವ್ಯಾನು ತಂದದ್ದು ಆ ನಂಬಿಕೆಯ ಮೇಲೆಯೇ. ಅದು ಮುಂದಿನ ಸೀಟಿನ ಕೆಳಗೇ ಎಂಜಿನ್ನಿರುವ ವ್ಯಾನು. ಮನಿಫೋಲ್ಡಿನ ಎರಡು ಸ್ಟಡ್ಡು ಮುರಿದು, ಪಟಪಟ ಎಂದು ಹೊಗೆ ಸೋರುತ್ತಿತ್ತು. ಅಣ್ಣ ಎಣ್ಣೆ ಬಿಟ್ಟ. ಹೊಸ ಸ್ಟಡ್ಡು ತಂದಿಟ್ಟ. ಮಾರನೆಯ ಬೆಳಿಗ್ಗೆ ಬೇರೊಂದು ಗಾಡಿಯ ಕೆಲಸಕ್ಕೆ ಮಂಡ್ಯದ ಲೇತ್ ಅಂಗಡಿಗೆ ಹೋಗಬೇಕಾಗಿ ಬಂತು. ಹೋಗುವ ಮುಂಚೆ ನನ್ನನ್ನು ಕರೆದು ತೋರಿಸಿದ.

"ಇದು ನೋಡು, ತುದಿ ವಸಿ ಈಚಿಗದೆ. ನಟ್ಟು ಬೆಸ್ದು ತಗಿ. ಎರಡ್ನೇದು ಒಳಿಕ್ಕೆ ಮುರ್ಕೊಂಡದೆ. ಅದ ಮುಟ್ಬ್ಯಾಡ. ನಾ ಬತ್ತೀನಿ."

"ಆಗ್ಲಿ ಅಣ್ಣ."

"ಆಗ್ಲಿ ಅಂದ್ಮೇಲೆ ಆಗ್ಲಿ. ಮಾದಣ್ಣ ಅವಸರ ಮಾಡ್ತಾನೆ. ಮಾಡ್ಲಿ."

ಮೊದಲನೆಯದು ಬಂತು. ಒಂದು ಗಂಟೆಯಲ್ಲಿ ಬಂತು. ನನಗೆ ಹೆಮ್ಮೆಯಾಯಿತು. ಮಾದಣ್ಣ ಪಕ್ಕದಲ್ಲೇ ನಿಂತಿದ್ದ. "ನಿಮ್ಮಣ್ಣಂಗಿಂತ ನೀನೇ ಜೋರು ಕಣಯ್ಯ. ಇನ್ನೊಂದ್ನೂ ಕಿತ್ತಾಕ್ಬುಡು, ನಾಳೆ ಮದ್ವೆ ಬಾಡಿಗೆ ಅದೆ," ಅಂದ. ಅವನ ಮೇಲೆ ಹೊರೆ ಹಾಕುತ್ತಿಲ್ಲ. ಆಗ ನನಗೆ ಇಪ್ಪತ್ತಾರು ವರ್ಷ, ಮದುವೆ ಗೊತ್ತಾಗಿತ್ತು, ಆಗಲ್ಲ ಅನ್ನುವ ಬಾಯಿ ನನಗಿತ್ತು. ಅಣ್ಣ ಬರುವಷ್ಟರಲ್ಲಿ ಎರಡೂ ಕಿತ್ತು ತೋರಿಸಬೇಕು ಎಂಬ ಆಸೆ ಅದಕ್ಕಿಂತ ದೊಡ್ಡದಾಗಿತ್ತು.

ಒಳಗೆ ಮುರಿದ ಬುಡಕ್ಕೆ ಡ್ರಿಲ್ಲಿಂದ ತೂತು ಕೊರೆದು, ಉಲ್ಟಾ ತಿರುಪಿನ ಒಂದು ಸಣ್ಣ ಉಕ್ಕಿನ ಟೂಲನ್ನು ಅದರೊಳಗೆ ಬಡಿದು ತಿರುಗಿಸಿದರೆ, ಬುಡ ಕಚ್ಚಿಕೊಂಡು ಬರುತ್ತದೆ. ಬರಬೇಕು. ನಾನು ತಿರುಗಿಸಿದೆ. ಬಿಗಿಯಾಗಿತ್ತು. ಆಮೇಲೆ ಮೆತ್ತಗಾಯಿತು. ಅಣ್ಣನ ಮಾತು ನೆನಪಿಗೆ ಬಂತು. ಬಂದರೂ ಕೈ ನಿಲ್ಲಲಿಲ್ಲ. ಲಟ್ ಅಂತು. ಟೂಲು ಒಳಗೇ ಮುರಿದು ಕೂತಿತು.

ಆ ಉಕ್ಕು ಎಷ್ಟು ಗಟ್ಟಿ ಎಂದರೆ ಯಾವ ಡ್ರಿಲ್ಲೂ ಅದನ್ನು ಕೊರೆಯುವುದಿಲ್ಲ. ಎಂಜಿನ್ನಿನ ಮೇಲ್ಭಾಗದ ಹೆಡ್ಡು ಬಿಚ್ಚಿ ಮಂಡ್ಯಕ್ಕೆ ಒಯ್ಯಬೇಕು, ಮೂರು ದಿನದ ಕೆಲಸ. ಮಾದಣ್ಣ ಆಗ ಊಟಕ್ಕೆ ಹೋಗಿದ್ದ. ನಾನು ಒಂದು ಬೋಲ್ಟಿನ ತುದಿ ಕತ್ತರಿಸಿದೆ, ಅದಕ್ಕೊಂದು ನಟ್ಟು ಹಾಕಿದೆ. ಸೈಲೆನ್ಸರಿಗೆ ಮೆತ್ತುವ, ಬಿಸಿ ತಡೆಯುವ ಅಂಟು ತಂದು ಸ್ಟಡ್ಡಿನ ಜಾಗದಲ್ಲಿ ಅದನ್ನು ಅಂಟಿಸಿದೆ. ಮನಿಫೋಲ್ಡಿನ ಸಂದಿ ಮುಚ್ಚುವ ಗ್ಯಾಸ್ಕೆಟ್ಟಿನ ಸುತ್ತಲೂ ಅಂಟು ತುಂಬಿದೆ. ಮೇಲಿನಿಂದ ನೋಡಿದರೆ ಎರಡೂ ಸ್ಟಡ್ಡು, ಎರಡೂ ನಟ್ಟು. ಮಿಕ್ಕ ಹೊಸ ಸ್ಟಡ್ಡನ್ನು ನಾಲೆಗೆ ಎಸೆದೆ. ಆಮೇಲೆ ಹಳೆಯ ಸಾಮಾನಿನ ಡಬ್ಬ ಕೆದಕಿ, ಯಾವುದೋ ಗಾಡಿಯ ಮುರಿದ ಸ್ಟಡ್ಡಿನ ಬುಡವೊಂದನ್ನು ಆರಿಸಿ, ನಿಜವಾಗಿ ಕಿತ್ತ ಮೊದಲನೆಯದರ ಜೊತೆ ಪೇಪರಿನಲ್ಲಿ ಸುತ್ತಿದೆ. ಅಣ್ಣನ ಪೊಟ್ಟಣವನ್ನೇ ಅವನಿಗೆ ಸುಳ್ಳು ಸಾಕ್ಷಿ ಮಾಡಿದೆ.

ಅಣ್ಣ ಬಂದದ್ದು ಮೂರು ಗಂಟೆಗೆ. ಎಂಜಿನ್ ಸ್ಟಾರ್ಟ್ ಮಾಡಿಸಿ, ರಬ್ಬರ್ ಪೈಪಿನ ಒಂದು ತುದಿ ಕಿವಿಗಿಟ್ಟು ಇನ್ನೊಂದನ್ನು ಮನಿಫೋಲ್ಡಿನ ಸುತ್ತ ಆಡಿಸಿದ. ಹೊಸ ಅಂಟು, ಸದ್ದಿರಲಿಲ್ಲ.

"ಎರಡೂ ಬಂದ್ವಾ?"

"ಬಂದ್ವು."

"ಎರಡ್ನೇದು ಎಂಗ್ ಬಂತ್ಲಾ?"

"ಮ್ಯಾಲಿಂದ್ಲೇ ಬೆಸ್ಗೆ ಇಳ್ಸಿ ನಟ್ಟು ಕೂರಿಸ್ದೆ. ಮೂರ್ನೇ ಸಲಕ್ಕೆ ಬಂತು."

ಪೊಟ್ಟಣ ಬಿಚ್ಚಿದ. ಎರಡು ತುಂಡು ನೋಡಿದ. ಮತ್ತೆ ಮಡಚಿ ಮಾದಣ್ಣನ ಕೈಗೆ ಕೊಟ್ಟ. ಕೆಲಸಕ್ಕೆ ಸೇರಿದಾಗಿನಿಂದ ನನ್ನನ್ನು ಒಂದು ಸಲವೂ ಹೊಗಳದವನು ಅವತ್ತು ನನ್ನ ಬೆನ್ನ ಮೇಲೆ ಕೈಯಿಟ್ಟು, "ಕಿವಿ ಬಂತು ಕಣ್ಲಾ ನಿಂಗೆ," ಅಂದ. ಆಗ ಹೇಳಬಹುದಿತ್ತು. ವ್ಯಾನು ಇನ್ನೂ ನಮ್ಮ ಅಂಗಡಿಯಲ್ಲೇ ಇತ್ತು. ಆದರೆ ಆ ಕೈ ಬೆನ್ನ ಮೇಲೆ ಇನ್ನೂ ಸ್ವಲ್ಪ ಹೊತ್ತು ಇರಲಿ ಅನ್ನಿಸಿತು.

ಒಂದೂವರೆ ತಿಂಗಳ ಮೇಲೆ ಮಾದಣ್ಣ ಮತ್ತು ಅವನ ಹೆಂಡತಿ ಮಗಳ ಸೀಮಂತಕ್ಕೆ ಸೀರೆ ತರಲು ಮಂಡ್ಯಕ್ಕೆ ಹೋಗಿದ್ದರು. ವಾಪಸು ಬರುವಾಗ ಮದ್ದೂರಿನ ಹತ್ತಿರ ದೊಡ್ಡ ಮಳೆ. ಮರ ಬಿದ್ದು ರಸ್ತೆ ಕಟ್ಟಿ, ಗಾಡಿಗಳು ಸಾಲಾಗಿ ನಿಂತವು. ವ್ಯಾನಿನ ಬ್ಯಾಟರಿ ವೀಕು. ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ ಎಂದು ಮಾದಣ್ಣ ಎಂಜಿನ್ ಓಡಲು ಬಿಟ್ಟ. ಮಳೆ ಹೊಡೆಯುತ್ತದೆ ಎಂದು ಗಾಜು ಏರಿಸಿದ. ಒಂದು ಗಂಟೆಯ ಮೇಲೆ ಹಾಗೇ ನಿಂತಿದ್ದರು. ಹೆಂಡತಿ ತಲೆನೋವು ಅಂದವರು ಸೀರೆಯ ಕವರನ್ನು ಮಡಿಲಲ್ಲಿಟ್ಟುಕೊಂಡು ಒರಗಿದರು. ನಿದ್ದೆ ಬಂತೇನೋ ಎಂದು ಅವನು ಎಬ್ಬಿಸಲಿಲ್ಲ. ಅವನು ವಾಂತಿ ಮಾಡಲು ಬಾಗಿಲು ತೆಗೆದು, ರಸ್ತೆಗೇ ಬಿದ್ದ. ಬಿದ್ದದ್ದರಿಂದ ಉಳಿದ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಹೆಂಡತಿಯ ಉಸಿರು ನಿಂತಿತ್ತು. ಎಂಜಿನ್ನಿನ ಹೊಗೆ ಎಂದು ಡಾಕ್ಟರು ಹೇಳಿದರಂತೆ. ಅದರಲ್ಲಿರುವ ವಿಷಕ್ಕೆ ವಾಸನೆಯೇ ಇರುವುದಿಲ್ಲ.

ಮೂರನೆಯ ದಿನ ಪೊಲೀಸ್ ಸ್ಟೇಷನ್ನಿಗೆ ಅಣ್ಣನನ್ನು ಕರೆಸಿದರು. ನಾನೂ ಹೋದೆ. ಅಂಗಳದಲ್ಲಿ ವ್ಯಾನು ನಿಂತಿತ್ತು. ಪಕ್ಕದಲ್ಲಿ ಮಾದಣ್ಣ ಟವೆಲ್ಲು ಹೊದ್ದು ಕೂತಿದ್ದ. ಅಣ್ಣ ಚಪ್ಪಲಿ ಬಿಟ್ಟು, ಸೀಟೆತ್ತಿ ಬಗ್ಗಿದ. ಅಂಟಿಸಿದ ತುಂಡು ಕಳಚಿ ಕೆಳಗಿನ ತಗಡಿನ ಮೇಲೆ ಬಿದ್ದಿತ್ತು. ಅದನ್ನು ಎತ್ತಿಕೊಂಡ. ಸ್ಟಡ್ಡಿನ ತೂತಿಗೆ ಬೆರಳಿಟ್ಟ. ಒಳಗೆ ಮುರಿದ ಟೂಲಿನ ತುದಿ ಬೆರಳಿಗೆ ಸಿಕ್ಕಿರಬೇಕು. ಎದ್ದು ನನ್ನನ್ನು ನೋಡಿದ. ಎಷ್ಟು ಹೊತ್ತು ನೋಡಿದ ಎಂದು ಹೇಳಲಾರೆ.

"ಯಾರಪ್ಪ ಈ ಕೆಲ್ಸ ಮಾಡಿದ್ದು?" ಎಂದು ಇನ್ಸ್‌ಪೆಕ್ಟರು ಕೇಳಿದರು.

"ನಾನೇ ಸ್ವಾಮಿ," ಅಂದ ಅಣ್ಣ.

ನಾನು ಎರಡು ಮಾರು ದೂರದಲ್ಲಿದ್ದೆ. ನನ್ನ ಬಾಯಿ ಕಟ್ಟಿ ಹೋಗಿರಲಿಲ್ಲ. ಯಾರೂ ನನ್ನನ್ನು ಹಿಡಿದಿರಲಿಲ್ಲ. ಸುಮ್ಮನಿದ್ದೆ. ಮಾದಣ್ಣ ಎದ್ದು ಬಂದು ಅಣ್ಣನ ಮುಖಕ್ಕೆ ಉಗಿದ. ಅಣ್ಣ ಒರೆಸಿಕೊಳ್ಳಲಿಲ್ಲ.

ಜಾಮೀನು ಸಿಕ್ಕ ದಿನ ಬಸ್ಸಿಳಿದು ಮನೆಗೆ ನಡೆಯುವಾಗ ಅಷ್ಟು ದಿನದಲ್ಲಿ ಮೊದಲ ಸಲ ಮಾತಾಡಿದ.

"ಅಂಗ್ಡಿ ನಂದು. ಪೊಟ್ಟಣ ಬಿಚ್ಚಿ ನೋಡ್ದೋನು ನಾನು. ಆ ತುಂಡಿನ ತಿರುಪು ಬ್ಯಾರೆ ಇತ್ತು ಕಣ್ಲಾ, ವಸಿ ದಪ್ಪ. ಒಂದ್ ಗಳಿಗೆ ಕಣ್ಣಿಗ್ ಬಿತ್ತು. ನೀ ಬಂತು ಅಂದಲ್ಲ ಅಂತ ಮಡಚ್ದೆ."

"ಅಣ್ಣ, ನಾನ್ ಓಗಿ ಯೋಳ್ತೀನಿ."

"ಲಗ್ನ ಆಗ್ಲಿ, ಆಮ್ಯಾಕೆ ನೋಡಾನ."

ಲಗ್ನ ಆಯಿತು. ಹೆಂಡತಿ ಬಸುರಿ, ಹೆರಿಗೆ ಆಗಲಿ ಅಂದುಕೊಂಡೆ. ಮಗುವಿಗೆ ಒಂದು ವರ್ಷ ತುಂಬಲಿ ಅಂದುಕೊಂಡೆ. ಅಣ್ಣ ಮತ್ತೆ ಯಾವತ್ತೂ ಆ ಮಾತೆತ್ತಲಿಲ್ಲ. ಹೇಳು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಅದು ಕ್ಷಮೆ ಎಂದು ಕೆಲವು ವರ್ಷ ನಂಬಿದೆ. ಅವನು ಕಾಯುತ್ತಿದ್ದ ಎಂದು ಈಗ ಅನ್ನಿಸುತ್ತದೆ.

ಅವನು ದೇವರಾಗಿದ್ದ ಎಂದು ಬರೆಯಲಾರೆ. ಆಮೇಲಿನ ಒಂಬತ್ತು ವರ್ಷ ನನ್ನನ್ನು ಎಂಜಿನ್ ಮುಟ್ಟಲು ಬಿಡಲಿಲ್ಲ. ಪಂಕ್ಚರು, ವಾಟರ್ ವಾಷು, ಆಯಿಲ್ ಬದಲಾಯಿಸುವುದು, ಅಷ್ಟೇ. ಗಿರಾಕಿಗಳ ಮುಂದೆ, "ಅವ್ನ ಕೈಗ್ ಕೊಡ್ಬ್ಯಾಡಿ" ಅನ್ನುತ್ತಿದ್ದ. ಪೊಟ್ಟಣ ಕಟ್ಟುವುದು ನಿಂತಿತು. ಗಿರಾಕಿಗಳೂ ಕಡಿಮೆಯಾದರು. ಒಂದು ದಿನ ಅತ್ತಿಗೆ ನನಗೆ ಮುದ್ದೆ ಬಡಿಸುತ್ತಾ, ಅಣ್ಣ ಹೊರಗೆ ಕೈ ತೊಳೆಯುತ್ತಿದ್ದಾಗ, "ನಿಮ್ಮಣ್ಣ ಅಂಟು ಮೆತ್ತೋ ಪೈಕಿ ಅಲ್ಲ. ನಂಗೊತ್ತು," ಅಂದರು. ಸಾರು ಹಾಕಿ ಒಳಗೆ ಹೋದರು. ನಾನು ಉಂಡೆ.

ಮಾದಣ್ಣ ವ್ಯಾನು ಮಾರಿ ಕುರಿ ಕಟ್ಟಿದ. ವಾರಕ್ಕೊಮ್ಮೆ ಬಸ್ಸಿನಲ್ಲಿ ಮದ್ದೂರಿಗೆ ಹೋಗುವಾಗ ನಮ್ಮ ಅಂಗಡಿ ಬಂದ ಕೂಡಲೇ ಕಿಟಕಿಯಿಂದ ತಲೆ ಹಾಕಿ ಉಗಿಯುತ್ತಿದ್ದ. ಅಣ್ಣನಿಗೆ ಬಸ್ಸಿನ ಹೊತ್ತು ಗೊತ್ತಿತ್ತು. ಯಾವ ಗಾಡಿಯ ಕೆಳಗಿದ್ದರೂ ಎದ್ದು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ. ಒಳಗೆ ಬಾ ಎಂದು ಕರೆದರೆ, "ನಾ ಕಾಣ್ನಿಲ್ಲ ಅಂದ್ರೆ ಅವ್ನು ಸಿಟ್ಟ ಮನೆಗ್ ತಕ್ಕೊಂಡೋಯ್ತಾನೆ" ಅನ್ನುತ್ತಿದ್ದ.

ಕೇಸು ಮುಗಿಯಲಿಲ್ಲ. ವಾಯಿದೆ ಮೇಲೆ ವಾಯಿದೆ. ಪ್ರತಿ ಸಲ ಅಣ್ಣ ಒಬ್ಬನೇ ಹೋಗುತ್ತಿದ್ದ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು. ನಾನು ಒಮ್ಮೆಯೂ ಜೊತೆಗೆ ಹೋಗಲಿಲ್ಲ. ಹೋದ ಮಾಘದಲ್ಲಿ ಅಂಥದೊಂದು ವಾಯಿದೆಯಿಂದ ಮಧ್ಯಾಹ್ನ ಬಂದವನು, ಅಂಗಿ ಬಿಚ್ಚದೆ ಬೆಂಚಿನ ಮೇಲೆ ಕೂತು, ಎದೆ ಹಿಡಿದುಕೊಂಡ. ನಾನು ನೀರು ತಂದೆ. ಅಣ್ಣ ಎಂದು ಕರೆದೆ. ಆಗಲೂ ನನ್ನ ಬಾಯಿಗೆ ಬಂದದ್ದು ಆಸ್ಪತ್ರೆಯ ಮಾತು, ಆಟೋ ಮಾತು. ಬೇಕಾದ ಮಾತು ಬರಲಿಲ್ಲ. ಆಟೋ ಬರುವಷ್ಟರಲ್ಲಿ ಅವನು ಇರಲಿಲ್ಲ. ಆರೋಪಿ ಸತ್ತರೆ ಕೇಸೂ ಮುಗಿಯುತ್ತದೆ ಎಂದು ವಕೀಲರು ಫೋನಿನಲ್ಲಿ ಹೇಳಿದರು. ಯಾರು ತಪ್ಪಿತಸ್ಥರು ಎಂದು ಯಾರೂ ಬರೆಯುವುದಿಲ್ಲವಂತೆ.

ಹನ್ನೊಂದನೆಯ ದಿನದ ಕಾರ್ಯ ಮುಗಿಸಿ, ಮಾರನೆಯ ಬೆಳಿಗ್ಗೆ ಮಾದಣ್ಣನ ಊರಿಗೆ ಹೋದೆ. ಕೊಟ್ಟಿಗೆಯಲ್ಲಿ ಬಂಡೂರು ಕುರಿಗಳಿಗೆ ಸೊಪ್ಪು ಕಟ್ಟುತ್ತಿದ್ದ. ನನ್ನನ್ನು ನೋಡಿ ಕೆಲಸ ನಿಲ್ಲಿಸಲಿಲ್ಲ.

"ಸತ್ತ ಅಂತ ಕೇಳ್ದೆ. ನಾ ಬರ್ನಿಲ್ಲ. ಬತ್ತಾನೂ ಇರ್ನಿಲ್ಲ."

ನಿಂತೇ ಹೇಳಿದೆ. ಮೊದಲನೆಯ ಸ್ಟಡ್ಡು, ಎರಡನೆಯದು, ಟೂಲು, ಅಂಟು, ನಾಲೆ, ಪೊಟ್ಟಣ. ಪೊಟ್ಟಣ ಅಂದಾಗ ಅವನ ಕೈ ನಿಂತಿತು.

"ನಿಮ್ಮಣ್ಣಂಗ್ ಗೊತ್ತಿರ್ನಿಲ್ವಾ?"

"ಸ್ಟೇಷನ್ನಾಗೆ ಸೀಟೆತ್ತಿದಾಗ್ಲೇ ಗೊತ್ತಾಗಿದ್ದು."

"ಮತ್ತೆ ನಾನೇ ಅಂದ್ರಲ್ಲ."

"ಅಂದ."

"ನೀನೂ ಅಲ್ಲೇ ನಿಂತಿದ್ದೆ."

"ನಿಂತಿದ್ದೆ."

ಸೊಪ್ಪಿನ ಕಟ್ಟು ಕೆಳಗಿಟ್ಟು ಕಲ್ಲಿನ ಮೇಲೆ ಕೂತ. ಕುರಿಗಳು ಅದಕ್ಕೆ ಬಾಯಿ ಹಾಕಿದವು. ಓಡಿಸಲಿಲ್ಲ.

"ಒಂಬತ್ ವರ್ಸ ಅವ್ರಿಗೆ ಸಾಪ ಹಾಕಿವ್ನಿ ಕಣಯ್ಯ. ದೇವ್ರ ಮುಂದೆ ಎಣ್ಣೆ ಇಟ್ಟು ಹಾಕಿವ್ನಿ. ಮೊನ್ನೆ ಸತ್ತ ಅಂದಾಗ ಕಾಯಿ ಒಡೆದೆ. ಅದ್ನೆಲ್ಲ ಈಗ ಎಂಗ್ಲಾ ವಾಪಸ್ ತಕ್ಕೊಳ್ಳಿ?"

"ನಂಗ್ ಎರಡೇಟು ಒಡೀ ಮಾದಣ್ಣ," ಅಂದೆ.

"ಒಡುದ್ರೆ ನಿಂಗ್ ಅಗುರಾಯ್ತದೆ. ಅದ್ಕೇ ಒಡ್ಯಕಿಲ್ಲ."

ಆಮೇಲೆ ಅವನೇ, "ನಂಗೊಬ್ಬಂಗ್ ಯೋಳಿ ಓಗ್ಬ್ಯಾಡ. ನಾ ಮೂರೂರಿಗೆ ಕೇಳಂಗೆ ಅವ್ರ ಮಾನ ಕಳ್ದಿವ್ನಿ. ಅಷ್ಟೂ ಜನಕ್ಕೆ ಗೊತ್ತಾಗ್ಬೇಕು. ಬರ್ದ್ ಹಾಕು," ಅಂದ.

"ನಂಗೆ ಬರೆಯಕ್ ಬರಾಕಿಲ್ಲ ಮಾದಣ್ಣ. ಏಳ್ನೇ ಕ್ಲಾಸು."

"ಸುಳ್ಳ ಎಷ್ಟ್ನೇ ಕ್ಲಾಸಲ್ಲಿ ಕಲ್ತೆ?"

ಬರೆಯುತ್ತೇನೆ ಅಂದೆ. ಸ್ಟೇಷನ್ನಿಗೂ ಹೋಗುತ್ತೇನೆ ಅಂದೆ. "ಅದು ನಿನ್ ಪಾಡು," ಅಂದ. ಇದರ ಒಂದು ಪ್ರತಿಯನ್ನು ಅಲ್ಲಿಗೂ ತೆಗೆದುಕೊಂಡು ಹೋಗುತ್ತಿದ್ದೇನೆ.

ನಾನು ಹೊರಟಾಗ ಕರೆದ. "ಬರಿವಾಗ ಮಾದನ್ ಎಂಡ್ತಿ ಅಂತ ಬರೀಬ್ಯಾಡ. ಅವ್ಳ ಹೆಸ್ರು ಬರಿ."

ನಾನು ಅವನ ಮುಖ ನೋಡುತ್ತಾ ನಿಂತೆ. ಒಂಬತ್ತು ವರ್ಷ ಮನೆಯಲ್ಲಿ ಬಿದ್ದಿದ್ದ ಕೋರ್ಟಿನ ಕಾಗದಗಳನ್ನು ನಾನು ಒಂದು ಸಲವೂ ಬಿಚ್ಚಿರಲಿಲ್ಲ. ನನಗೆ ಹೆಸರು ಗೊತ್ತಿಲ್ಲ ಎಂದು ಅವನಿಗೆ ತಿಳಿಯಿತು. ಬೈಯುತ್ತಾನೆ ಅಂದುಕೊಂಡೆ, ಬೈಯಲಿಲ್ಲ. ಎದ್ದು ಹತ್ತಿರ ಬಂದು, ಮಕ್ಕಳಿಗೆ ಬರೆಸುವ ಹಾಗೆ, ಒಂದೊಂದೇ ಅಕ್ಷರ ನಿಲ್ಲಿಸಿ ಹೇಳಿದ.

ನನ್ನ ಕೆಲಸದಿಂದ ಸತ್ತವರ ಹೆಸರು ಸಣ್ಣತಾಯಮ್ಮ.